ಪಾಠಶಾಲೆಯೂ ಸಮದೃಷ್ಟಿಯೂ

ಮೂರು ಗಂಟೆಗಳ ಪರೀಕ್ಷೆಯೊಂದರಲ್ಲಿ ಒಬ್ಬ ವಿದ್ಯಾರ್ಥಿಗೆ ಮಾತ್ರ ನಾಲ್ಕು ಗಂಟೆಗಳ ಅವಕಾಶವನ್ನು ಕೊಟ್ಟರೆ ಅದು ನ್ಯಾಯವೆನಿಸುವುದೊ, ಪಕ್ಷಪಾತವೆನಿಸುವುದೊ? ನೋಟಕ್ಕೆ ಇದು ಅಲ್ಪವಾದ ಪ್ರಶ್ನೆ. ಪರೀಕ್ಷಾಮಂದಿರದ ಮೇಲ್ವಿಚಾರಕರು ಸರ್ಕಾರದ ಸುತ್ತೋಲೆಯನ್ನು ತೆರೆದು ನೋಡಿ ಒಂದು ನಿಮಿಷದಲ್ಲಿ ಬಗೆಹರಿಸಿಬಿಡಬಹುದಾದುದು. ಆದರೂ ಪರೀಕ್ಷೆಯ ಕಾಲವು ಸಮೀಪಿಸಿದಾಗಲೆಲ್ಲ ವಿದ್ಯಾವಂತರ ಮನೆಗಳಲ್ಲಿ ಈ ಮಾತು ತಪ್ಪದೆ ಏಳುತ್ತದೆ. "ನಮ್ಮ ಹುಡುಗನೂ ರಾತ್ರಿಯೆಲ್ಲ ನಿದ್ದೆಗೆಟ್ಟು ಓದಿದವನೇ ಅಲ್ಲವೆ? ಅವನಿಗೇಕೆ ಇನ್ನೊಂದು ಗಂಟೆ ಇಲ್ಲ?" ಎಂದು ತಾಯಿತಂದೆಗಳು ಕೇಳುತ್ತಾರೆ. ಹಾಗೆ ಕೇಳುವವರು ಕಠಿನಹೃದಯರೆಂದು ತಿಳಿಯತಕ್ಕದ್ದಲ್ಲ. ಎಲ್ಲರನ್ನೂ ಒಂದೇ ಅಳತೆಯಿಂದ ಅಳೆಯಬೇಕು, ಒಬ್ಬರಿಗೊಂದು ಬಗೆ ಮತ್ತೊಬ್ಬರಿಗೊಂದು ಬಗೆ ಮಾಡಕೂಡದು ಎಂಬ ಧರ್ಮಬುದ್ಧಿಯೇ ಅವರಿಂದ ಆ ಮಾತನ್ನು ಆಡಿಸುವುದು. ಆದುದರಿಂದ ಅವರ ಪ್ರಶ್ನೆಗೆ ಕನಿಕರದಿಂದ ಉತ್ತರ ಹೇಳಿದರೆ ಸಾಲದು. ನ್ಯಾಯದಿಂದಲೇ ಉತ್ತರ ಹೇಳಬೇಕು.

ಪಂಕ್ತಿಭೇದವು ಪಾಪವೆಂದು ನಮ್ಮ ನಾಡಿನ ಹಿರಿಯರು ಹೇಳುತ್ತ ಬಂದಿರುವರು. ಆ ನಿಯಮವನ್ನು ಅವರು ಎಷ್ಟು ಜನರ ವಿಷಯದಲ್ಲಿ ಪಾಲಿಸಿದರೆಂಬುದು ಬೇರೆ ಮಾತು. ನಿಯಮವಾದರೋ ಒಳ್ಳೆಯದೇ, ಅದರ ಅರ್ಥವನ್ನು ಮಾತ್ರ ಸ್ವಲ್ಪ ವಿಚಾರಮಾಡಬೇಕು. ಒಂದು ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಒಂದೇ ಪದಾರ್ಥಗಳನ್ನು ಬಡಿಸಬೇಕೆಂಬುದು ಅದರ ತಾತ್ಪರ್ಯ. ಎಲ್ಲರ ಎಲೆಗೂ ತೂಕಮಾಡಿದಂತೆ ಒಂದೇ ಸಮನಾದ ಅನ್ನವನ್ನು ಹಾಕಬೇಕೆಂಬುದಲ್ಲ. ಹಸಿದವನ ಎಲೆಗೆ ಎರಡನೆಯ ಸಲ ಅನ್ನ ಬಂದರೆ ಅದನ್ನು ಯಾರೂ ಪಂಕ್ತಿಭೇದವೆನ್ನರು. ಒಬ್ಬನ ಎಲೆಗೆ ತುಪ್ಪ ಬಿದ್ದು ಪಕ್ಕದವನ ಎಲೆಗೆ ಬೀಳದಿದ್ದರೆ ಎನ್ನುವರು. ಎಂಟು ವರ್ಷದ ಬಾಲಕನಿಗೂ ಗದ್ದೆಯ ಕೆಲಸ ಮಾಡಿ ಬಂದವನಿಗೂ ಒಂದೊಂದೇ ಹಿಡಿ ಅನ್ನವನ್ನಿಟ್ಟು "ಸಮವಾಗಿ ಬಡಿಸಿದೆ" ಎಂದು ಹೇಳಿಕೊಳ್ಳುವ ಯಜಮಾನನನ್ನು ಲೋಕವು ಜಿಪುಣನೆನ್ನುವುದಲ್ಲದೆ ಸಮದರ್ಶಿಯೆಂದು ಹೊಗಳದು.

ಊಟದ ಪಂಕ್ತಿಯಲ್ಲಿ ಸ್ಪರ್ಧೆಯಿಲ್ಲ, ಪರೀಕ್ಷೆಯಲ್ಲಿ ಉಂಟಲ್ಲ ಎಂಬ ಆಕ್ಷೇಪಣೆ ಇಲ್ಲಿ ಬರುವುದು. ಅದು ತಳ್ಳಿಹಾಕತಕ್ಕ ಮಾತಲ್ಲ. ಅದಕ್ಕೆ ಸಮಾಧಾನವನ್ನು ಹೇಳಬೇಕಾದರೆ ಪರೀಕ್ಷೆಯು ಅಳೆಯಹೊರಟಿರುವುದು ಏನನ್ನು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಶೀಘ್ರಲಿಪಿಯ ಪರೀಕ್ಷೆಯಲ್ಲಿ ನಿಮಿಷಕ್ಕೆ ಇಷ್ಟು ಶಬ್ದಗಳನ್ನು ಬರೆಯಬಲ್ಲವನು ತೇರ್ಗಡೆಯಾದನೆಂದು ಹೇಳುತ್ತಾರೆ. ಅಲ್ಲಿ ವೇಗವೇ ವಿದ್ಯೆ. ಕಾಲವನ್ನು ಹೆಚ್ಚಿಸಿದರೆ ಪರೀಕ್ಷೆಯೇ ಇಲ್ಲವಾಗುತ್ತದೆ. ಚರಿತ್ರೆಯ ಪತ್ರಿಕೆಯ ವಿಷಯ ಹಾಗಲ್ಲ. ವಿಜಯನಗರವು ಏಕೆ ಅಳಿಯಿತೆಂಬ ಪ್ರಶ್ನೆಗೆ ಉತ್ತರವನ್ನು ಬಲ್ಲ ಬಾಲಕನೊಬ್ಬನ ಕೈಬೆರಳುಗಳು ಅವನ ಮಾತನ್ನು ಕೇಳದೆ ಸೆಡೆತುಕೊಳ್ಳುತ್ತವೆಯೆಂದು ಭಾವಿಸಿದರೆ, ಮೂರು ಗಂಟೆಗಳ ಕೊನೆಯಲ್ಲಿ ಅವನ ಕಾಗದದ ಮೇಲೆ ಮೂಡಿದ್ದು ಅವನ ಬೆರಳುಗಳ ಸ್ಥಿತಿಯೇ ಹೊರತು ಅವನ ಜ್ಞಾನವಲ್ಲ. ಚರಿತ್ರೆಯನ್ನು ಅಳೆಯುತ್ತೇವೆಂದು ಹೇಳಿ ಬೆರಳುಗಳನ್ನು ಅಳೆದ ತಕ್ಕಡಿಯು ಸರಿಯಾದ ತಕ್ಕಡಿಯೆ?

ಭಾರತ ಸರ್ಕಾರದ ಸಾಮಾಜಿಕ ನ್ಯಾಯ ಮಂತ್ರಾಲಯವು 2013ರ ಫೆಬ್ರುವರಿಯಲ್ಲಿ ಅಂಗವೈಕಲ್ಯವುಳ್ಳ ಅಭ್ಯರ್ಥಿಗಳ ಪರೀಕ್ಷೆಗಳ ವಿಷಯವಾಗಿ ಕೆಲವು ಮಾರ್ಗಸೂಚಿಗಳನ್ನು ಹೊರಡಿಸಿತು. ಗಂಟೆಗೆ 20 ನಿಮಿಷಗಳಿಗೆ ಕಡಮೆಯಿಲ್ಲದಂತೆ ಕಾಲವನ್ನು ಕೊಡಬೇಕೆಂಬುದು ಅವುಗಳಲ್ಲೊಂದು. ಮೂರು ಗಂಟೆಗಳು ನಾಲ್ಕಾಗುವುದು ಈ ಲೆಕ್ಕದಿಂದಲೇ. ಈ ಅಂಕಿಗಿಂತಲೂ ವಿಚಾರಾರ್ಹವಾದ ಮತ್ತೊಂದು ಸಂಗತಿ ಅದೇ ಮಾರ್ಗಸೂಚಿಯಲ್ಲಿತ್ತು. ಅದೇನೆಂದರೆ, 'ಹೆಚ್ಚುವರಿ ಕಾಲ' ಎಂಬ ಮಾತನ್ನು ಇನ್ನುಮುಂದೆ ಬಿಟ್ಟು, ನಷ್ಟವಾದುದನ್ನು ತುಂಬಿಕೊಡುವ ಕಾಲವೆಂಬ ಅರ್ಥದ ಮಾತನ್ನು ಬಳಸಬೇಕೆಂಬುದು. ಸರ್ಕಾರದ ಕಾಗದಗಳಲ್ಲಿ ಇಂತಹ ಶಬ್ದವಿವೇಕವು ಅಪರೂಪವೆಂದೇ ಹೇಳಬೇಕು. ಹೆಚ್ಚುವರಿಯೆಂಬುದು ಕೊಡುಗೆಯ ಮಾತು. ಕೊಡುವವನು ದೊಡ್ಡವನಾಗಿ, ಪಡೆಯುವವನು ಕೈಯೊಡ್ಡಿದವನಾಗಿ, ಪಕ್ಕದಲ್ಲಿ ನೋಡುವವನು ವಂಚಿತನಾಗಿ ಕಾಣುವುದಕ್ಕೆ ಆ ಒಂದು ಶಬ್ದವೇ ಸಾಕು. ತುಂಬಿಕೊಡುವುದೆಂಬುದು ಲೆಕ್ಕದ ಮಾತು. ಮೊದಲು ಯಾವುದೋ ಕಾರಣದಿಂದ ಕಳೆದುಹೋದ ಒಂದು ಗಂಟೆಯನ್ನು ಅದು ಸಲ್ಲಬೇಕಾದವನಿಗೆ ಸಲ್ಲಿಸುವುದಷ್ಟೆ. ಕನ್ನಡದಲ್ಲಿ ಇಂತಹ ಏರ್ಪಾಡುಗಳನ್ನೆಲ್ಲ ಇಂದಿಗೂ 'ರಿಯಾಯಿತಿ' ಎಂದು ಕರೆಯುವ ರೂಢಿಯಿದೆ. ಬಟ್ಟೆಯಂಗಡಿಯ ಹಲಗೆಯ ಮೇಲೆ ಹಬ್ಬದ ದಿನಗಳಲ್ಲಿ ಕಾಣುವ ಮಾತದು. ನ್ಯಾಯಕ್ಕೆ ಅದು ಒಪ್ಪುವುದಿಲ್ಲ.

ಈ ವಿವೇಚನೆಯು 2021ರ ಫೆಬ್ರುವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಬರೆಯಹೊರಟಾಗ ಕೈ ಸೆಡೆತುಕೊಳ್ಳುವ ವ್ಯಾಧಿಯುಳ್ಳ ಅಭ್ಯರ್ಥಿಯೊಬ್ಬನು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಲಿಪಿಕಾರನನ್ನು, ಎಂದರೆ ತಾನು ಹೇಳಿದ ಉತ್ತರವನ್ನು ಬರೆದುಕೊಡುವವನನ್ನು, ಕೇಳಿದ್ದನು. ಅಂಗವೈಕಲ್ಯವು ನೂರಕ್ಕೆ 40ರಷ್ಟಾದರೂ ಇದೆಯೆಂಬ ಪ್ರಮಾಣಪತ್ರವಿಲ್ಲದವನಿಗೆ ಆ ಸೌಕರ್ಯವಿಲ್ಲವೆಂಬುದು ವಾದವಾಗಿದ್ದಿತು. ಉದ್ಯೋಗದಲ್ಲಿ ಮೀಸಲಾತಿಯೇ ಮೊದಲಾದವುಗಳಿಗೆ ಆ 40ರ ಗೆರೆಯನ್ನು ಶಾಸನವು ಎಳೆದಿರುವುದು ನಿಜ. ಆದರೆ ಉಚಿತವಾದ ಅನುಕೂಲವನ್ನು ಕಲ್ಪಿಸಬೇಕಾದ ಕರ್ತವ್ಯಕ್ಕೆ ಅದೇ ಗೆರೆಯನ್ನು ಎಳೆಯಕೂಡದೆಂದು ನ್ಯಾಯಾಲಯವು ತೀರ್ಮಾನಿಸಿತು. ಕೈ ಬರೆಯಲಾರದೆಂಬುದು ಸತ್ಯವಾದರೆ, ಅದು ನೂರಕ್ಕೆ ಎಷ್ಟು ಸತ್ಯವೆಂದು ಕೇಳುವುದರಿಂದ ಆ ದಿನದ ಪರೀಕ್ಷೆಗೆ ಆಗುವ ಪ್ರಯೋಜನವೇನೂ ಇಲ್ಲ.

ಇಷ್ಟಕ್ಕೂ ಅನುಕೂಲವನ್ನು ಕೆಲವರು ಮಾತ್ರ ಪಡೆಯುತ್ತಾರೆ, ಉಳಿದವರು ಸ್ವಂತ ಶಕ್ತಿಯಿಂದ ನಡೆಯುತ್ತಾರೆ ಎಂಬ ನಂಬಿಕೆಯೇ ಪರೀಕ್ಷಿಸತಕ್ಕದ್ದು. ಸಾಧಾರಣವಾದ ಪಾಠಶಾಲೆಯೊಂದರ ಕೊಠಡಿಯಲ್ಲಿ ದೀಪಗಳಿವೆ, ಕಿಟಕಿಗಳಿವೆ. ಇವು ಕಣ್ಣುಳ್ಳವರಿಗಾಗಿ ಮಾಡಿದ ಏರ್ಪಾಡು. ಕುರುಡನಾದವನಿಗೆ ದೀಪದ ವೆಚ್ಚವಿಲ್ಲ. ಉಪಾಧ್ಯಾಯರು ಕರಿಹಲಗೆಯ ಕಡೆಗೆ ತಿರುಗಿಕೊಂಡು ಬರೆಯುತ್ತಲೇ ಮಾತನಾಡುವುದು ಕಿವಿಯುಳ್ಳವರಿಗಾಗಿ. ಮೇಲಂತಸ್ತಿಗೆ ಮೆಟ್ಟಿಲುಗಳನ್ನು ಕಟ್ಟಿರುವುದು ಕಾಲುಳ್ಳವರಿಗಾಗಿ. ಮೆಟ್ಟಿಲಿಲ್ಲದೆ ಯಾವ ಕಾಲೂ ಮಹಡಿಯನ್ನು ಏರದು. ಬಹುಜನರಿಗೆ ಬೇಕಾದ ಅನುಕೂಲವು ಕಟ್ಟಡದ ಗೋಡೆಯೊಳಗೇ ಸೇರಿಹೋಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಬ್ಬನಿಗೆ ಬೇಕಾದ ಅನುಕೂಲವನ್ನು ಕೇಳಿ, ಅರ್ಜಿ ಬರೆದು, ವೈದ್ಯರ ರುಜುವನ್ನು ತಂದು ಪಡೆಯಬೇಕಾಗಿರುವುದರಿಂದ ಅದು ಎಲ್ಲರಿಗೂ ಎದ್ದುಕಾಣುತ್ತದೆ. ವ್ಯತ್ಯಾಸವು ಇರುವುದು ಇಷ್ಟರಲ್ಲಿಯೇ.

ಅಕ್ಷರದೊಡನೆ ಹೋರಾಡುವ ಮಕ್ಕಳ ವಿಷಯವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಪ್ರಿಂಗಲ್ ಮಾರ್ಗನ್ ಎಂಬ ಆಂಗ್ಲ ವೈದ್ಯನು 1896ರಲ್ಲಿ 14 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು. ಹುಡುಗನು ಚುರುಕಾದವನು, ಆಟದಲ್ಲಿ ಯಾರಿಗೂ ಕಡಮೆಯಿಲ್ಲದವನು, ಲೆಕ್ಕದಲ್ಲಿ ಗಟ್ಟಿಗ. ಆದರೆ ವರ್ಷಗಟ್ಟಲೆ ಕಲಿಸಿದರೂ ಓದು ಅವನಿಗೆ ಹತ್ತಲಿಲ್ಲ. ತನ್ನ ಹೆಸರನ್ನೇ ಅಕ್ಷರಗಳನ್ನು ಹಿಂದುಮುಂದು ಮಾಡಿ ಬರೆಯುತ್ತಿದ್ದನು. ಇಂದು ಡಿಸ್ಲೆಕ್ಸಿಯ ಎಂದು ಹೆಸರಾಗಿರುವ ತೊಡಕಿನ ಮೊದಲ ವಿವರಗಳಲ್ಲಿ ಇದೊಂದು. ಆ ಲೇಖನದಲ್ಲಿ ಬಾಲಕನ ಉಪಾಧ್ಯಾಯನ ಅಭಿಪ್ರಾಯವೊಂದು ಸೇರಿದೆ: ಪಾಠವೆಲ್ಲ ಬಾಯಿಂದಲೇ ನಡೆಯುವುದಾದರೆ ಇವನೇ ಶಾಲೆಯಲ್ಲಿ ಮೊದಲಿಗನಾಗುವನೆಂದು ಅವನು ಹೇಳಿದ್ದನಂತೆ. ಭಾರತೀಯರಾದವರು ಈ ಮಾತನ್ನು ಓದಿ ಒಂದು ಕ್ಷಣ ನಿಲ್ಲದಿರಲಾರರು. ಪಾಠವೆಲ್ಲ ಬಾಯಿಂದಲೇ ನಡೆಯುತ್ತಿದ್ದ ಶಾಲೆಗಳು ಈ ದೇಶದಲ್ಲಿ ಸಾವಿರಾರು ವರ್ಷ ಇದ್ದುವು. ವೇದವನ್ನು ಗುರುವಿನ ಬಾಯಿಂದ ಕೇಳಿ ಹೇಳಿದ ಶಿಷ್ಯನಿಗೆ ಓಲೆಗರಿಯ ಹಂಗಿರಲಿಲ್ಲ. ಓಲೆಯನ್ನು ನೋಡಿ ಓದುವವನನ್ನೇ ಕೀಳೆಂದು ಎಣಿಸುತ್ತಿದ್ದರು. ಅಂತಹ ಗುರುಕುಲದಲ್ಲಿ ಆ ಬಾಲಕನು ಮೇಧಾವಿಯೆನಿಸಿಕೊಂಡು, ಸೊಗಸಾದ ಅಕ್ಷರವನ್ನು ಬರೆಯಬಲ್ಲ ಆದರೆ ಕೇಳಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳಲಾರದ ಮತ್ತೊಬ್ಬನು ಮಂದಬುದ್ಧಿಯೆನಿಸಿಕೊಳ್ಳುತ್ತಿದ್ದನು. ಕೊರತೆಯೆಲ್ಲವೂ ಮಗುವಿನೊಳಗೇ ಇದೆಯೆಂದು ಹೇಳುವವರು ಈ ದೃಷ್ಟಾಂತಕ್ಕೆ ಏನು ಹೇಳುವರೊ ತಿಳಿಯದು. ಕೊರತೆಯ ಅರ್ಧಭಾಗವಾದರೂ ಮಗುವಿಗೂ ಅಳತೆಗೋಲಿಗೂ ನಡುವೆ ಇರುವುದೆಂದು ಒಪ್ಪಲೇಬೇಕು.

ಕನ್ನಡ ಅಕ್ಷರಗಳ ವಿಷಯವಾಗಿ ಇಲ್ಲಿ ಒಂದು ಮಾತನ್ನು ಹೇಳಬಹುದು. ಇಂಗ್ಲಿಷಿನಂತೆ ಬರೆಯುವುದೊಂದು ಓದುವುದೊಂದು ಎಂಬ ಕಾಟವು ಕನ್ನಡದಲ್ಲಿ ಅಷ್ಟಾಗಿ ಇಲ್ಲದಿದ್ದರೂ ಕಾಗುಣಿತ, ಒತ್ತಕ್ಷರ, ದೀರ್ಘ, ಅರ್ಕಾವೊತ್ತುಗಳೆಲ್ಲ ಸೇರಿ ಕಲಿಯಬೇಕಾದ ಆಕೃತಿಗಳು ನೂರಾರಾಗುತ್ತವೆ. ಅವು ಪೂರ್ತಿಯಾಗಿ ವಶವಾಗುವುದಕ್ಕೆ ಸಾಧಾರಣ ಮಗುವಿಗೂ ಹಲವು ವರ್ಷಗಳು ಬೇಕು. ಆದಕಾರಣ ನಮ್ಮ ಶಾಲೆಗಳಲ್ಲಿ ಡಿಸ್ಲೆಕ್ಸಿಯವುಳ್ಳ ಮಗುವು ಕೆಲವು ಕಾಲ ಸಾಧಾರಣ ಮಕ್ಕಳ ಗುಂಪಿನಲ್ಲಿಯೇ ಅಡಗಿಕೊಂಡಿರುತ್ತದೆ. ಗುರುತು ಹಿಡಿಯುವ ಹೊತ್ತಿಗೆ 'ಸೋಮಾರಿ' ಎಂಬ ಬಿರುದು ಅದಕ್ಕೆ ಅಂಟಿಹೋಗಿರುತ್ತದೆ.

ಹಿಂದಿನ ಕನ್ನಡ ಶಾಲೆಗಳು ಹೇಗಿದ್ದುವೆಂಬುದಕ್ಕೆ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬವನು 1823ರಲ್ಲಿ ಮದರಾಸಿನ ಸರ್ಕಾರಕ್ಕೆ ಕಳುಹಿಸಿದ ವರದಿಯು ಒಳ್ಳೆಯ ಸಾಕ್ಷಿ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ವಯಸ್ಸಿನಿಂದಲ್ಲ, ಕಲಿತ ಮಟ್ಟದಿಂದ ಅವರನ್ನು ಗುಂಪುಗಳಾಗಿ ವಿಂಗಡಿಸುತ್ತಿದ್ದರು. ಮುಂದುವರಿದವನು ಹಿಂದಿರುವವನಿಗೆ ಹೇಳಿಕೊಡುವನು. ಹೇಳಿಕೊಡುವುದರಿಂದ ಅವನ ಪಾಠವೂ ಗಟ್ಟಿಯಾಗುವುದು. ಕ್ಯಾಂಬೆಲನು ಈ ಪದ್ಧತಿಯನ್ನು ಬಹಳವಾಗಿ ಮೆಚ್ಚಿಕೊಂಡಿದ್ದಾನೆ. ಇಂತಹ ಮಠದಲ್ಲಿ ಎರಡು ವರ್ಷದ ಪಾಠಕ್ಕೆ ನಾಲ್ಕು ವರ್ಷ ತೆಗೆದುಕೊಂಡ ಹುಡುಗನು 'ಫೇಲಾದವನು' ಆಗುತ್ತಿರಲಿಲ್ಲ; ಆ ಮಾತಿಗೆ ಅಲ್ಲಿ ಅರ್ಥವೇ ಇರಲಿಲ್ಲ. ವಯಸ್ಸಿಗೊಂದು ತರಗತಿ, ತರಗತಿಗೊಂದು ಪುಸ್ತಕ, ಪುಸ್ತಕಕ್ಕೊಂದು ವರ್ಷವೆಂಬ ಗಡಿಯಾರವು ಬಂದ ಮೇಲೆಯೇ 'ಹಿಂದುಳಿದ' ಮಗುವು ಹುಟ್ಟಿತು. ಆದರೆ ಹಳೆಯದನ್ನು ಹೊಗಳುವ ಉತ್ಸಾಹದಲ್ಲಿ ಅದೇ ವರದಿಯ ಇತರ ಸಂಗತಿಗಳನ್ನು ಮರೆಯಬಾರದು. ಬೆಳಗ್ಗೆ ಮಠಕ್ಕೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು; ಎರಡನೆಯವನಿಗೆ ಸೊನ್ನೆ; ಮೂರನೆಯವನಿಂದ ಹಿಡಿದು ಏಟು, ಬಂದ ಸರದಿಗೆ ತಕ್ಕಂತೆ ಏರುತ್ತ ಹೋಗುವುದು. ಕಾಲು ಕುಂಟಾದ ಮಗುವಿನ ಪಾಡು ಅಲ್ಲಿ ಏನಾಗಿದ್ದಿತೆಂಬುದನ್ನು ಊಹಿಸಿಕೊಳ್ಳಬಹುದು. ಅದೂ ಅಲ್ಲದೆ ಸುಮಾರು 10 ಲಕ್ಷ ಜನರಿದ್ದ ಆ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿದ್ದವರು 7,000ಕ್ಕೂ ಕಡಮೆ. ಒಳಗೆ ಬಂದವರಿಗೆ ಉದಾರವಾಗಿದ್ದ ಶಾಲೆಯ ಬಾಗಿಲೇ ಬಹುಜನರಿಗೆ ಮುಚ್ಚಿದ್ದಿತು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿಯೆಂಬ ಪದ್ಧತಿಯು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಕೆಳಗಿನ ತರಗತಿಗಳಿಗೆಲ್ಲ ಹರಡಿದಾಗ, ಹಳೆಯ ಮಠದ ಆ ಒಳ್ಳೆಯ ಗುಣವು ಬೇರೆ ರೂಪದಿಂದ ಹಿಂದಿರುಗಿತೆನ್ನಬಹುದು. ಬೇರೆಬೇರೆ ವಯಸ್ಸಿನ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು, ಒಂದು ಗುಂಪು ಉಪಾಧ್ಯಾಯರ ನೆರವಿನಿಂದ, ಮತ್ತೊಂದು ಗೆಳೆಯರ ನೆರವಿನಿಂದ, ಇನ್ನೊಂದು ತಾನೇ ತಾನಾಗಿ, ತಂತಮ್ಮ ಮೆಟ್ಟಿಲುಗಳನ್ನು ಹತ್ತುವುದು ಅದರ ಕ್ರಮ. ಒಂದು ವಾರ ಕಾಯಿಲೆಯಿಂದ ಮಲಗಿದ್ದ ಮಗುವೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ವಿಶೇಷವಾದ ಅಗತ್ಯವುಳ್ಳ ಮಕ್ಕಳಿಗಾಗಿ ಏರ್ಪಟ್ಟ ಪದ್ಧತಿ ಇದಲ್ಲವಾದರೂ ಅವರಿಗೆ ಎಡೆಯಿರುವ ಪದ್ಧತಿ. ಅದನ್ನು ನಡಸುವುದಕ್ಕೆ ಬೇಕಾದ ಜನವೂ ಸಾಮಗ್ರಿಯೂ ಎಲ್ಲೆಡೆಯಲ್ಲಿಯೂ ಒದಗಿತೆಂದು ಮಾತ್ರ ಹೇಳುವಂತಿಲ್ಲ.

ಅಳತೆಗೋಲಿನ ಮಾತು ಬಂದಾಗ ಬುದ್ಧಿಯನ್ನು ಅಳೆಯುವ ಪರೀಕ್ಷೆಗಳನ್ನು ಬಿಡಲಾಗದು. ಪ್ಯಾರಿಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಅಂತಹ ಮೊದಲ ಪರೀಕ್ಷೆಯನ್ನು ರಚಿಸಿದ್ದು ಸಾಧಾರಣ ಪಾಠದಿಂದ ಪ್ರಯೋಜನ ಹೊಂದಲಾರದ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ಬಗೆಯ ನೆರವನ್ನು ಕೊಡುವುದಕ್ಕಾಗಿ. ಬುದ್ಧಿಯೆಂಬುದು ಹುಟ್ಟಿನೊಡನೆ ಗೊತ್ತಾಗಿ ಬಿಡುವ, ಬೆಳೆಯದಿರುವ ಗಾತ್ರವೆಂಬ ಮತವನ್ನು ಅವನು ತಾನೇ ಖಂಡಿಸಿದ್ದನು. ಅವನು ತೀರಿಕೊಂಡ ಮೇಲೆ ಅದೇ ಪರೀಕ್ಷೆಯು ದೇಶದೇಶಗಳಲ್ಲಿ ಮಕ್ಕಳನ್ನು ಹೊರಗಿಡುವ ಸಾಧನವಾಯಿತು. ಕನ್ನಡ ನಾಡಿಗೂ ಇದಕ್ಕೂ ಹತ್ತಿರದ ಸಂಬಂಧವುಂಟು: ವಿ. ವಿ. ಕಾಮತರು ಸ್ವಾತಂತ್ರ್ಯಕ್ಕೆ ಮುಂಚೆಯೇ ಧಾರವಾಡದ ಮಕ್ಕಳ ಮೇಲೆ ಪ್ರಯೋಗಿಸಿ ಅದನ್ನು ಕನ್ನಡಕ್ಕೂ ಮರಾಠಿಗೂ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ಭಾರತದಲ್ಲೆಲ್ಲ ಬಳಕೆಗೆ ಬಂದಿತು. ಅಳತೆ ತಪ್ಪಲ್ಲ. ಜ್ವರಮಾಪಕವನ್ನಿಟ್ಟು ಜ್ವರವೆಷ್ಟೆಂದು ನೋಡಿ ಔಷಧವನ್ನು ಕೊಡುವವನೂ ಉಂಟು. ಜ್ವರವಿರುವುದರಿಂದ ಛತ್ರದೊಳಗೆ ಎಡೆಯಿಲ್ಲವೆನ್ನುವವನೂ ಉಂಟು. ಮಾಪಕವು ಇಬ್ಬರಿಗೂ ಒಂದೇ ಅಂಕಿಯನ್ನು ತೋರಿಸುವುದು.

ಶಾಸನದ ದಾರಿ ಬಹಳ ಹಿಂದೆಯೇ ತೆರೆಯಿತು. ಅಂಗವೈಕಲ್ಯವುಳ್ಳ ಮಕ್ಕಳನ್ನು ಸಾಧ್ಯವಾದಷ್ಟು ಮಟ್ಟಿಗೆ ಸಾಧಾರಣ ಶಾಲೆಯಲ್ಲಿಯೇ ಓದಿಸಬೇಕೆಂದು 1944ರ ಸಾರ್ಜೆಂಟ್ ವರದಿ ಹೇಳಿತು. 1964-66ರ ಕೊಠಾರಿ ಆಯೋಗವೂ ಅದನ್ನೇ ಹೇಳಿತು. 1974ರಲ್ಲಿ ಕೇಂದ್ರ ಸರ್ಕಾರದ ಯೋಜನೆಯೊಂದು ಬಂದಿತು. ಅಂಗವೈಕಲ್ಯದ 7 ಬಗೆಗಳನ್ನು ಹೆಸರಿಸಿದ್ದ 1995ರ ಶಾಸನದ ಸ್ಥಾನದಲ್ಲಿ 21 ಬಗೆಗಳನ್ನು ಹೆಸರಿಸುವ 2016ರ ಶಾಸನವು ನಿಂತಿತು. ಇಂದು ಕರ್ನಾಟಕದಲ್ಲಿ ಇದಕ್ಕೆ ಸಮನ್ವಯ ಶಿಕ್ಷಣವೆಂಬ ಹೆಸರಿದೆ. ಶಿಕ್ಷಣದ ಹಕ್ಕಿನ ಶಾಸನಕ್ಕೆ 2012ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ತೀವ್ರವಾದ ಅಥವಾ ಬಹುವಿಧವಾದ ಅಂಗವೈಕಲ್ಯವುಳ್ಳ ಮಕ್ಕಳು ಬಯಸಿದರೆ ಮನೆಯಲ್ಲಿಯೇ ಶಿಕ್ಷಣವನ್ನು ಪಡೆಯಬಹುದೆಂಬ ಮಾತು ಸೇರಿತು. ಇದು ಎಚ್ಚರದಿಂದ ಓದಬೇಕಾದ ಮಾತು. ಹಾಸಿಗೆಯಿಂದ ಏಳಲಾರದ ಮಗುವಿಗೆ ಅದೊಂದು ವರ. ಆದರೆ ಬಯಸುವ ಹಕ್ಕು ಮಗುವಿನದಾದರೂ ಬಯಕೆಯನ್ನು ಹುಟ್ಟಿಸುವವರು ಬೇರೆಯವರಾಗಬಹುದು. "ಮಗುವಿಗೆ ಇಲ್ಲಿ ಕಷ್ಟವಾಗುತ್ತದೆ, ಮನೆಯಲ್ಲಿಯೇ ಇರಲಿ ಅಮ್ಮ" ಎಂದು ಮೆಲ್ಲನೆಯ ದನಿಯಲ್ಲಿ ಹೇಳಿದರೆ ಮುಚ್ಚದೆಯೇ ಮುಚ್ಚಿದ ಬಾಗಿಲಾಗುವುದು.

ಬಾಗಿಲು ತೆರೆದ ಮೇಲೆ ಒಳಗೆ ಏನಾಗುವುದೆಂಬುದು ಉಪಾಧ್ಯಾಯರ ಮೇಲೆ ನಿಂತಿದೆ. ಇಲ್ಲಿಯೇ ಅತ್ಯಂತ ಪ್ರಬಲವಾದ ಆಕ್ಷೇಪಣೆಯು ಎದುರಾಗುವುದು. ಅದನ್ನು ಎತ್ತುವವರು ಬಹುಮಟ್ಟಿಗೆ ಉಪಾಧ್ಯಾಯರೇ. ನಲವತ್ತು ಮಕ್ಕಳ ತರಗತಿಯಲ್ಲಿ ಒಂದು ಮಗುವಿಗೆ ಹತ್ತು ನಿಮಿಷವನ್ನು ಕೊಟ್ಟರೆ ಮೂವತ್ತೊಂಬತ್ತು ಮಕ್ಕಳ ಹತ್ತು ನಿಮಿಷಗಳು ಹೋದುವಲ್ಲ, ಇದು ಯಾವ ನ್ಯಾಯ ಎಂದು ಅವರು ಕೇಳುವರು. ಇದಕ್ಕೆ ಸುಲಭವಾಗಿ ಕೊಡುವ ಉತ್ತರವೊಂದಿದೆ. ಒಂದು ಮಗುವಿಗೆಂದು ಮಾಡಿದ್ದು ಉಳಿದವರಿಗೂ ಸಲ್ಲುವುದು: ಹಲಗೆಯ ಮೇಲೆ ದೊಡ್ಡದಾಗಿ ಬರೆದರೆ ಹಿಂದಿನ ಸಾಲಿಗೂ ಕಾಣುವುದು, ಮಕ್ಕಳ ಕಡೆಗೆ ಮುಖವಿಟ್ಟು ಮಾತನಾಡಿದರೆ ಎಲ್ಲರಿಗೂ ಕೇಳುವುದು, ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳಿದರೆ ಅರ್ಧ ತರಗತಿಯ ಸಂಶಯವು ಹೋಗುವುದು. ಇದು ನಿಜ, ಆದರೆ ಪೂರ್ಣಸತ್ಯವಲ್ಲ. ಸದ್ದನ್ನು ತಾಳಲಾರದೆ ಕಿವಿಮುಚ್ಚಿಕೊಂಡು ಕೂಗುವ ಮಗುವನ್ನು ಸಮಾಧಾನಪಡಿಸುವ ಹತ್ತು ನಿಮಿಷಗಳು ಆ ಮಗುವಿಗೇ ಹೋಗುವುವು. ಅವುಗಳಿಂದ ಇತರರಿಗೆ ಲೆಕ್ಕವೇನೂ ಬರುವುದಿಲ್ಲ. ನಷ್ಟವಿಲ್ಲವೆಂದು ಉಪಾಧ್ಯಾಯರಿಗೆ ಹೇಳಿದರೆ ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ನಷ್ಟವುಂಟೆಂದು ಒಪ್ಪಿಕೊಂಡ ಮೇಲೆ ಅದನ್ನು ಯಾರು ಹೊರಬೇಕೆಂಬುದು ಪ್ರಶ್ನೆ. ಅದನ್ನು ಒಬ್ಬ ಉಪಾಧ್ಯಾಯಿನಿಯ ಹೆಗಲಿಗೂ ಮೂವತ್ತೊಂಬತ್ತು ಮಕ್ಕಳ ಕಾಲಕ್ಕೂ ವಹಿಸಿಬಿಟ್ಟು ಸಮಾಜವು ತಾನು ಸಮದರ್ಶಿಯೆಂದು ಹೇಳಿಕೊಳ್ಳುವುದು ಪರರ ಗಂಟಿನಿಂದ ದಾನಮಾಡಿದ ಹಾಗೆ. ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರಿನಲ್ಲಿ ಈ ವಿಷಯವನ್ನು ವಿಚಾರಿಸಿ, ಅಂತಹ ಮಕ್ಕಳಿಗೆ ಕೆಳಗಿನ ತರಗತಿಗಳಲ್ಲಿ 10 ಮಕ್ಕಳಿಗೊಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಎತ್ತಿಹಿಡಿಯಿತು. ಕರ್ನಾಟಕದ ವ್ಯವಸ್ಥೆಯಲ್ಲಿ ಈ ಕಾರ್ಯಕ್ಕಾಗಿ ಬ್ಲಾಕ್ ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರನ್ನು ನೇಮಿಸುವ ಪದ್ಧತಿ ಬೆಳೆದಿದೆ. ಅವರು ಊರಿಂದೂರಿಗೆ ತಿರುಗುತ್ತ, ಮಗುವನ್ನು ಪರೀಕ್ಷಿಸಿ, ತಾಯಿತಂದೆಗಳಿಗೆ ತಿಳಿಯಹೇಳಿ, ಶಿಬಿರಗಳಿಗೆ ಕರೆತಂದು, ಕಾಗದಪತ್ರಗಳನ್ನು ತುಂಬಿ, ಮುಂದಿನ ಊರಿಗೆ ಹೋಗಬೇಕು. ಒಂದು ಬ್ಲಾಕಿನ ಶಾಲೆಗಳೆಷ್ಟು, ಒಬ್ಬರಿಗೆ ವಾರದ ದಿನಗಳೆಷ್ಟು ಎಂಬುದನ್ನು ಎಣಿಸಿದವರಿಗೆ, ಹಳ್ಳಿಯ ಶಾಲೆಯ ಆ ಒಂದು ಮಗುವಿಗೆ ಅವರ ಎಷ್ಟು ಗಂಟೆಗಳು ಸಿಕ್ಕಬಹುದೆಂಬುದು ತಾನಾಗಿಯೇ ತಿಳಿಯುವುದು.

ನೆರವಿಲ್ಲದ ಉಪಾಧ್ಯಾಯರು ಏನು ಮಾಡುವರು? ಬಹುಮಂದಿ ಒಳ್ಳೆಯವರಾದುದರಿಂದ ದಯೆ ತೋರಿಸುವರು. ಮಗುವನ್ನು ಬೈಯುವುದಿಲ್ಲ, ಹಿಂದಿನ ಬೆಂಚಿನ ಗೋಡೆಯ ಬದಿಯಲ್ಲಿ ಕೂಡಿಸಿ ಬಣ್ಣದ ಕಡ್ಡಿಗಳನ್ನು ಕೊಡುವರು, ಪ್ರಶ್ನೆ ಕೇಳಿ ನಾಚಿಸುವುದಿಲ್ಲ, ವರ್ಷದ ಕೊನೆಗೆ ಮುಂದಿನ ತರಗತಿಗೆ ಕಳುಹಿಸುವರು. ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ದಿನವೂ ಇರುವುದು. ಇದನ್ನು ಕ್ರೌರ್ಯವೆಂದು ಕರೆಯುವುದು ಕಷ್ಟ. ಆದರೆ ಇದರ ಫಲವು ಕ್ರೌರ್ಯದ ಫಲದಿಂದ ಹೆಚ್ಚು ಬೇರೆಯಾಗಿಲ್ಲ. ಮಗುವಿನಿಂದ ಏನನ್ನೂ ಕೇಳದಿರುವುದೆಂದರೆ ಅದರಿಂದ ಏನೂ ಆಗಲಾರದೆಂದು ಮೊದಲೇ ತೀರ್ಪು ಕೊಟ್ಟಂತೆ. ಬೈಸಿಕೊಂಡ ಹುಡುಗನಿಗೆ ಉಪಾಧ್ಯಾಯರು ತನ್ನಿಂದ ಏನನ್ನೋ ಎದುರುನೋಡಿದ್ದರೆಂಬುದಾದರೂ ತಿಳಿದಿರುತ್ತದೆ. ಎಂಟು ವರ್ಷಗಳ ದಯೆಯ ಕೊನೆಯಲ್ಲಿ ತನ್ನ ಹೆಸರನ್ನು ಓದಲಾರದೆ ಹೊರಬಂದ ಮಗುವಿಗೆ ಸಲ್ಲಬೇಕಾಗಿದ್ದುದು ಸಂದಿಲ್ಲ. ಆ ಲೆಕ್ಕದಲ್ಲಿ ಕನಿಕರವನ್ನು ಜಮಾ ಹಿಡಿಯಲಾಗದು.

ಒಂದೇ ಕೊಠಡಿಯಲ್ಲಿ ಕುಳ್ಳಿರಿಸುವುದೇ ಸಮತೆಯೆಂಬ ಮತವು ಅತ್ಯಂತ ಕಠಿನವಾಗಿ ಪರೀಕ್ಷೆಗೊಳಗಾಗುವುದು ಕಿವಿ ಕೇಳದ ಮಗುವಿನ ವಿಷಯದಲ್ಲಿ. ಇದಕ್ಕೆ ಪೀಠಿಕೆಯಾಗಿ ಕುರುಡರ ಲಿಪಿಯ ಚರಿತ್ರೆಯನ್ನು ನೆನೆಯಬಹುದು. ಪ್ಯಾರಿಸಿನ ಅಂಧರ ಶಾಲೆಯಲ್ಲಿ ಮೊದಲು ಬಳಸುತ್ತಿದ್ದುದು ಕಣ್ಣುಳ್ಳವರ ಅಕ್ಷರಗಳನ್ನೇ ಉಬ್ಬಿಸಿ ಅಚ್ಚುಹಾಕಿದ ಪುಸ್ತಕಗಳು. ಬೆರಳಿಗೆ ಅವು ನಿಧಾನ. ಬರೆಯುವುದಂತೂ ಬಹು ಕಷ್ಟ. ಅದೇ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲನು 1824ರಲ್ಲಿ, ತನ್ನ 15ನೆಯ ವಯಸ್ಸಿನಲ್ಲಿ, ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದನು. ಶಾಲೆಯ ಅಧಿಕಾರಿಗಳು ಒಂದು ಕಾಲದಲ್ಲಿ ಅದನ್ನು ನಿಷೇಧಿಸಿದರು. ಕಣ್ಣುಳ್ಳವರು ಓದಲಾರದ ಲಿಪಿಯಿಂದ ಕುರುಡರು ಸಮಾಜದಿಂದ ಬೇರೆಯಾಗಿಬಿಡುವರೆಂಬುದು ಆ ಕಾಲದ ವಾದ. ಆ ವಾದದಲ್ಲಿ ಸಮತೆಯ ಹೆಸರೇ ಇದ್ದಿತು. ಬ್ರೈಲನು 1852ರಲ್ಲಿ ತೀರಿಕೊಂಡು ಎರಡು ವರ್ಷಗಳಾದ ಮೇಲೆ ಫ್ರಾನ್ಸು ಆ ಲಿಪಿಯನ್ನು ಅಂಗೀಕರಿಸಿತು. ಭಾರತದ ಭಾಷೆಗಳಿಗೆಲ್ಲ ಸಾಧಾರಣವಾದ ಭಾರತಿ ಬ್ರೈಲ್ 1951ರಲ್ಲಿ ಸಿದ್ಧವಾದಾಗ ಕನ್ನಡಕ್ಕೂ ಅದು ದೊರೆಯಿತು.

ಕಿವಿ ಕೇಳದವರಿಗೆ ಇಷ್ಟು ಬೇಗನೆ ಬಿಡುಗಡೆ ದೊರೆಯಲಿಲ್ಲ. ಅವರ ಶಿಕ್ಷಣವನ್ನು ಕುರಿತು 1880ರಲ್ಲಿ ಮಿಲಾನಿನಲ್ಲಿ ಸೇರಿದ ಸಮ್ಮೇಳನವು ಸನ್ನೆಭಾಷೆಯನ್ನು ಬಿಟ್ಟು ಬಾಯಿಮಾತಿನಿಂದಲೇ ಕಲಿಸಬೇಕೆಂದು ನಿರ್ಣಯಿಸಿತು. ನಿರ್ಣಯಿಸಿದ ಪ್ರತಿನಿಧಿಗಳು ಬಹುಮಟ್ಟಿಗೆ ಎಲ್ಲರೂ ಕಿವಿ ಕೇಳುವವರು. ಅನೇಕ ದೇಶಗಳ ಶಾಲೆಗಳಲ್ಲಿ ಮಕ್ಕಳ ಕೈಗಳನ್ನು ಕಟ್ಟಿಹಾಕಿ ತುಟಿಗಳನ್ನು ನೋಡಿಸುವ ಪದ್ಧತಿ ತಲೆಮಾರುಗಳವರೆಗೆ ನಡೆಯಿತು. ಅದೇ ಸಮ್ಮೇಳನದ ಪರಂಪರೆಯಲ್ಲಿ 2010ರಲ್ಲಿ ವ್ಯಾಂಕೂವರಿನಲ್ಲಿ ಸೇರಿದವರು ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದವನ್ನು ಸೂಚಿಸಿದರು. ನಡುವೆ ಸಂದುದು 130 ವರ್ಷ.

ಕಿವಿ ಕೇಳದ ಮಕ್ಕಳಲ್ಲಿ ಬಹುಪಾಲು ಜನರು ಹುಟ್ಟುವುದು ಕಿವಿ ಕೇಳುವವರ ಮನೆಗಳಲ್ಲಿ. ಮನೆಯ ಮಾತು ಮಗುವನ್ನು ಮುಟ್ಟುವುದಿಲ್ಲ. ಸನ್ನೆಭಾಷೆ ಮನೆಯವರಿಗೆ ಬಾರದು. ಭಾಷೆ ಬೇರೂರಬೇಕಾದ ಮೊದಲ ಐದಾರು ವರ್ಷಗಳು ಹೀಗೆ ಕಳೆದ ಮೇಲೆ ಮಗುವನ್ನು ಊರಿನ ಶಾಲೆಗೆ ಸೇರಿಸುವರು. ಶಾಸನದ ಅಪೇಕ್ಷೆಯು ನೆರವೇರಿತು. ಮಗುವು ಎಲ್ಲರೊಡನೆ ಕುಳಿತಿತು. ಆದರೆ ಎಲ್ಲರ ನಡುವೆ ಮಾತಿಲ್ಲದೆ ಕುಳಿತ ಮಗುವಿನ ಏಕಾಂತಕ್ಕಿಂತ ದೊಡ್ಡ ಏಕಾಂತವು ಎಲ್ಲಿರುವುದು? ತಮ್ಮಂತಹವರೇ ಇರುವ, ಸನ್ನೆಯಲ್ಲಿ ಪಾಠ ಹೇಳುವ ಪ್ರತ್ಯೇಕ ಶಾಲೆಯೇ ತಮಗೆ ಬೇಕೆಂದು ಕಿವಿ ಕೇಳದವರಲ್ಲಿ ಅನೇಕರು ಹೇಳುವುದನ್ನು ಸಮನ್ವಯವಾದಿಗಳು ಕಿವಿಗೊಟ್ಟು ಕೇಳಬೇಕು. ನೆರೆಯ ಶಾಲೆಯೋ ವಿಶೇಷ ಶಾಲೆಯೋ, ಆರಿಸಿಕೊಳ್ಳುವ ಹಕ್ಕನ್ನು 2016ರ ಶಾಸನವು ಕೊಟ್ಟಿದೆ. ಎರಡೂ ಇರುವ ಊರಿನಲ್ಲಿ ಮಾತ್ರ ಅದು ಹಕ್ಕು. ಭಾರತೀಯ ಸನ್ನೆಭಾಷೆಯ ಸಂಶೋಧನೆಗೂ ಬೋಧನೆಗೂ ಕೇಂದ್ರ ಸರ್ಕಾರವು 2015ರಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಶಾಲಾಪುಸ್ತಕಗಳನ್ನು ಆ ಭಾಷೆಗೆ ತರುವ ಒಪ್ಪಂದವು 2020ರಲ್ಲಿ ಆಯಿತು. ಪುಸ್ತಕವು ಸನ್ನೆಗೆ ಬಂದರೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಪಕ್ಕದ ಎಲೆಯವನೊಡನೆ ಮಾತನಾಡುವುದಕ್ಕೆ ಪಕ್ಕದವನಿಗೂ ಸನ್ನೆ ಬರಬೇಕಲ್ಲವೆ?

ಒಂದು ಮಗುವಿಗಾಗಿ ನಲವತ್ತು ಮಕ್ಕಳು ಹೊಸ ಭಾಷೆಯನ್ನು ಕಲಿಯುವುದುಂಟೆ ಎಂದು ಕೇಳುವವರಿಗೆ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. ಅಮೆರಿಕದ ಪೂರ್ವತೀರದ ಮಾರ್ತಾಸ್ ವಿನ್ಯಾರ್ಡ್ ಎಂಬ ದ್ವೀಪದಲ್ಲಿ ಹುಟ್ಟುಕಿವುಡು ವಂಶಪಾರಂಪರ್ಯವಾಗಿ ಬರುತ್ತಿದ್ದಿತು. ಚಿಲ್ಮಾರ್ಕ್ ಎಂಬ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ 25 ಜನಕ್ಕೊಬ್ಬರು ಕಿವಿ ಕೇಳದವರು. ಅಲ್ಲಿಯ ಕಿವಿ ಕೇಳುವವರೂ ಚಿಕ್ಕಂದಿನಿಂದಲೇ ಸನ್ನೆಭಾಷೆಯನ್ನು ಕಲಿಯುತ್ತಿದ್ದರು. ಬೆಸ್ತರು ದೋಣಿಯಿಂದ ದೋಣಿಗೆ ಅದರಲ್ಲಿಯೇ ಮಾತನಾಡುವರು. ಆ ಊರನ್ನು ಕುರಿತು ನೋರಾ ಗ್ರೋಸ್ ಎಂಬ ಪಂಡಿತೆಯು 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿನೋದವೂ ವಿಚಾರವೂ ಬೆರೆತ ಸಂಗತಿಯೊಂದಿದೆ. ಕಿವಿ ಕೇಳದ ಮಕ್ಕಳನ್ನು ಸರ್ಕಾರವು ತನ್ನ ವೆಚ್ಚದಿಂದ ಹಾರ್ಟ್‌ಫರ್ಡಿನ ಪ್ರತ್ಯೇಕ ಶಾಲೆಗೆ ಕಳುಹಿಸುತ್ತಿದ್ದುದರಿಂದ ಅವರು ಊರಿನ ಇತರರಿಗಿಂತ ಹೆಚ್ಚು ಓದಿ ಹಿಂದಿರುಗುತ್ತಿದ್ದರು. ಕಿವಿ ಕೇಳುವವರಲ್ಲಿ ಓದು ಸಾಲದವರು ವರ್ತಮಾನಪತ್ರಿಕೆಯನ್ನೊ ಕರಾರುಪತ್ರವನ್ನೊ ಹಿಡಿದುಕೊಂಡು, ಇದರ ಅರ್ಥವೇನೆಂದು ಕೇಳುವುದಕ್ಕೆ ಕಿವಿ ಕೇಳದ ನೆರೆಯವರ ಮನೆಗೆ ಹೋಗುತ್ತಿದ್ದರು.